ಗ್ರೂಮಿಂಗ್‌ಗೆ ಅಂಜುವ ನಾಯಿ: ದೋಷ ಎಲ್ಲಿದೆಯೆಂದು ಪತ್ತೆ ಹಚ್ಚುವ ಬಗೆ

ಮನೆಯಲ್ಲಿ ನಮ್ಮ ಪಾದದ ಮೇಲೆ ತಲೆಯಿಟ್ಟು ಮಲಗುವ ನಾಯಿ ಮೈ ತೊಳೆದು ಕೂದಲು, ಉಗುರು ಕತ್ತರಿಸುವ ಗ್ರೂಮಿಂಗ್ ಅಂಗಡಿಯ ಮೆಟ್ಟಿಲು ಕಂಡೊಡನೆ ನಾಲ್ಕೂ ಕಾಲೂರಿ ನಿಂತುಬಿಡುತ್ತದೆ. ಎತ್ತಿಕೊಂಡು ಒಳಗೆ ಹೋದರೆ ನಡುಗುತ್ತದೆ, ಮೇಜಿನ ಮೇಲೆ ನಿಲ್ಲಿಸಿದರೆ ಗುರುಗುಟ್ಟುತ್ತದೆ, ಕೊನೆಗೆ ಕೈಗೆ ಬಾಯಿ ಹಾಕುತ್ತದೆ. ಇದಕ್ಕೆ ‘ಹಟ’ ಎಂದು ಹೆಸರಿಟ್ಟು, ಇಬ್ಬರು ಸೇರಿ ಅದುಮಿ ಹಿಡಿದು ಕೆಲಸ ಮುಗಿಸುವುದು ನಮ್ಮಲ್ಲಿ ರೂಢಿ. ಹೊಲದ ಪಂಪ್‌ಸೆಟ್ ನೀರೆತ್ತದಿದ್ದರೆ ಮಾತ್ರ ಯಾರೂ ಮೋಟಾರಿಗೆ ಹಟ ಬಂದಿದೆ ಎನ್ನುವುದಿಲ್ಲ. ಕರೆಂಟ್ ಇದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಫುಟ್‌ವಾಲ್ವ್ ಸೋರುತ್ತಿದೆಯೇ ಎಂದು ಒಂದೊಂದನ್ನೇ ನೋಡುತ್ತಾ ಹೋಗುತ್ತಾರೆ. ನಾಯಿಯ ಅಂಜಿಕೆಯನ್ನೂ ಹಾಗೆಯೇ ನೋಡಬೇಕು. ನಾವು ಒಂದೇ ಮಾತಿನಲ್ಲಿ ‘ಗ್ರೂಮಿಂಗ್’ ಎಂದುಬಿಡುವುದರಲ್ಲಿ ಆಟೋ ಪ್ರಯಾಣ, ಅಪರಿಚಿತ ವಾಸನೆ, ಎತ್ತರದ ಮೇಜು, ಕುತ್ತಿಗೆಯ ಬೆಲ್ಟು, ನೀರು, ಡ್ರೈಯರ್, ಕತ್ತರಿ, ಕೂದಲು ಕತ್ತರಿಸುವ ಮಷಿನ್, ಉಗುರು ಕಟರ್ ಎಂದು ನಾಯಿಗೆ ಹತ್ತು ಹನ್ನೆರಡು ಬೇರೆ ಬೇರೆ ಅನುಭವಗಳಿವೆ. ಅವುಗಳಲ್ಲಿ ಒಂದೇ ಒಂದು ಕೆಟ್ಟಿದ್ದರೂ ಇಡೀ ನಾಯಿಯೇ ಕೆಟ್ಟಂತೆ ಕಾಣುತ್ತದೆ.

ಇದನ್ನು ನಾನು ಕಲಿತದ್ದು ನಮ್ಮ ಬೆಳ್ಳಿಯಿಂದ. ಬೆಳ್ಳಿ ನಾಲ್ಕು ವರ್ಷದ ಪೊಮೆರೇನಿಯನ್. ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆಯಾಚೆ, ಲೇಔಟು ಮುಗಿದು ತೊಗರಿ ಹೊಲ ಶುರುವಾಗುವ ಕಡೆ ಇದೆ. ಎರಡು ವರ್ಷ ಯಾವ ತಕರಾರೂ ಇಲ್ಲದೆ ಕೂದಲು ಕತ್ತರಿಸಿಕೊಂಡಿದ್ದ ಬೆಳ್ಳಿ, ಒಂದು ಆಗಸ್ಟ್‌ನಲ್ಲಿ ಮಷಿನ್ ಚಾಲೂ ಆಗುತ್ತಲೇ ಕಿರುಚಿ ಮೇಜಿನಿಂದ ಹಾರಲು ನೋಡಿತು. “ಅಕ್ಕಾರ, ಮಷಿನಿನ ಸಪ್ಪಳಕ್ಕ ಅಂಜತದ್ರಿ ಇದು,” ಎಂದ ಗ್ರೂಮಿಂಗ್ ಮಾಡುವ ಹುಡುಗ. ನಾನೂ ಹಾಗೆಯೇ ನಂಬಿ, ಮಷಿನಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಎರಡು ವಾರ ದಿನಾ ಊಟದ ಹೊತ್ತಿಗೆ ಹಾಕಿದೆ. ಬೆಳ್ಳಿ ಮೂರನೆಯ ದಿನವೇ ಆ ಸದ್ದಿನ ನಡುವೆ ಬಾಲ ಅಲ್ಲಾಡಿಸುತ್ತ ಬಟ್ಟಲು ನೆಕ್ಕಿ ಮುಗಿಸಿತ್ತು. ಅಂದರೆ ದೋಷ ಸದ್ದಿನಲ್ಲಿ ಇಲ್ಲವೆಂಬ ಉತ್ತರ ಮೂರನೆಯ ದಿನವೇ ನನ್ನ ಕಣ್ಣೆದುರಿಗಿತ್ತು. ಅದನ್ನು ಓದಿಕೊಳ್ಳದೆ ನಾನು ಇನ್ನೂ ಹನ್ನೊಂದು ದಿನ ಕಳೆದೆ.

ಒಂದು ಸಂಜೆ ಮಳೆಯಲ್ಲಿ ಅಡ್ಡಾಡಿ ಬಂದ ಬೆಳ್ಳಿಯ ಕಾಲನ್ನು ಹೊಸ್ತಿಲ ಬಳಿ ಒರೆಸುವಾಗ ಅದು ಬಲಗಡೆಯ ಮುಂಗಾಲನ್ನು ಸರಕ್ಕನೆ ಎಳೆದುಕೊಂಡಿತು. ಟಾರ್ಚ್ ಹಿಡಿದು ಬೆರಳುಗಳ ನಡುವಿನ ಕೂದಲನ್ನು ಬಿಡಿಸಿ ನೋಡಿದೆ. ನಮ್ಮ ಎರೆಮಣ್ಣಿನ ಗುಣ ಇಲ್ಲಿನವರಿಗೆ ಗೊತ್ತೇ ಇದೆ: ಹಸಿಯಿದ್ದಾಗ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಹಾಗೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಬೆರಳ ಸಂದಿಯಲ್ಲಿ ಕಡಲೆಕಾಳಿನಷ್ಟು ದಪ್ಪದ ಮಣ್ಣಿನ ಗಟ್ಟಿ ಕೂದಲಿನೊಂದಿಗೆ ಹೆಣೆದುಕೊಂಡು ಕೂತಿತ್ತು. ಅದರ ಕೆಳಗಿನ ಚರ್ಮ ಕೆಂಪಾಗಿ, ತೇವವಾಗಿ, ಸಣ್ಣಗೆ ವಾಸನೆ ಬರುತ್ತಿತ್ತು. ಆ ಅಂಗಡಿಯಲ್ಲಿ ಮಷಿನ್ ಹಿಡಿದೊಡನೆ ಮೊದಲು ಟ್ರಿಮ್ ಮಾಡುತ್ತಿದ್ದದ್ದು ಪಾದದ ಕೂದಲನ್ನೇ. ಮಷಿನ್ ಹಲ್ಲು ಆ ಗಟ್ಟಿಗೆ ತಗುಲಿದಾಗಲೆಲ್ಲ ಹಸಿ ಚರ್ಮ ಜಗ್ಗುತ್ತಿತ್ತು. ಬೆಳ್ಳಿಯ ಲೆಕ್ಕದಲ್ಲಿ ಮಷಿನಿನ ಸದ್ದೆಂದರೆ ಮುಂದೆ ಬರಲಿರುವ ನೋವಿನ ಮುನ್ಸೂಚನೆ. ಮನೆಯಲ್ಲಿ ಅದೇ ಸದ್ದಿನ ಹಿಂದೆ ನೋವು ಬರುತ್ತಿರಲಿಲ್ಲ. ಅದಕ್ಕೇ ಅದು ನೆಮ್ಮದಿಯಾಗಿ ಉಣ್ಣುತ್ತಿತ್ತು.

ನೋವನ್ನು ಮೊದಲು ನೋಡಬೇಕು

ಆದ್ದರಿಂದ ಯಾವ ತರಬೇತಿಗೂ ಮೊದಲು ನೋವಿನ ಪರೀಕ್ಷೆಯಾಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಹಿಂದೆ ಸುಮ್ಮನಿದ್ದ ನಾಯಿ ಈಗ ಏಕಾಏಕಿ ಎದುರು ಬೀಳುತ್ತಿದ್ದರಂತೂ ನೋವಿನ ಶಂಕೆಯೇ ಮೊದಲು ಬರಬೇಕು. ಒಳ್ಳೆಯ ಬೆಳಕಿನಲ್ಲಿ, ನಾಯಿ ಆರಾಮಾಗಿ ಮಲಗಿರುವ ಹೊತ್ತಿನಲ್ಲಿ, ಮೂತಿಯಿಂದ ಬಾಲದವರೆಗೆ ಬರಿಗೈಯಿಂದ ನಿಧಾನವಾಗಿ ಸವರುತ್ತ ಹೋಗಿ. ಎಲ್ಲಿ ಚರ್ಮ ಅದುರುತ್ತದೆ, ಎಲ್ಲಿ ತಲೆ ತಿರುಗಿಸಿ ನಿಮ್ಮ ಕೈ ನೋಡುತ್ತದೆ, ಎಲ್ಲಿ ಎದ್ದು ಹೋಗುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದಿಡಿ.

ಕಿವಿಯನ್ನು ಮೂಸಿ ನೋಡಿ. ಹುಳಿ ವಾಸನೆ, ಕಂದು ಬಣ್ಣದ ಕೊಳೆ, ಪದೇ ಪದೇ ತಲೆ ಕೊಡವುವುದು ಇವು ಕಿವಿಯ ಸೋಂಕಿನ ಲಕ್ಷಣಗಳು. ಅಂಥ ನಾಯಿ ತಲೆಯ ಹತ್ತಿರ ಕತ್ತರಿ ಬಂದರೆ ಕಚ್ಚಲು ಬರುವುದು ಸಹಜ. ಕಿವಿಯ ಹಿಂಬದಿ, ಮುಂಗಾಲಿನ ಕಂಕುಳು, ಬಾಲದ ಬುಡ, ಕುತ್ತಿಗೆಯ ಬೆಲ್ಟಿನ ಕೆಳಭಾಗ ಈ ನಾಲ್ಕು ಕಡೆ ಕೂದಲು ಜಡೆಗಟ್ಟುತ್ತದೆ. ಜಡೆ ಚರ್ಮಕ್ಕೆ ಹತ್ತಿಕೊಂಡಿದ್ದರೆ ನಾಯಿ ಹೆಜ್ಜೆ ಹಾಕಿದಾಗಲೆಲ್ಲ ಜಗ್ಗುತ್ತಿರುತ್ತದೆ, ಮತ್ತು ನೀರು ಬಿದ್ದರೆ ಕಂಬಳಿಯಂತೆ ಇನ್ನಷ್ಟು ಬಿಗಿಯಾಗುತ್ತದೆ; ಅದಕ್ಕಾಗಿಯೇ ಬಾಚುವ ಕೆಲಸ ಸ್ನಾನಕ್ಕಿಂತ ಮೊದಲು ಆಗಬೇಕು. ನಮ್ಮ ಬಿಸಿಲು ಸೀಮೆಯಲ್ಲಿ ಉಣ್ಣಿಯ ಕಾಟವೂ ಹೆಚ್ಚು. ಉಣ್ಣಿ ಕಿವಿಯೊಳಗೂ ಬೆರಳ ಸಂದಿಯಲ್ಲೂ ಅಡಗಿ ಕೂರುತ್ತದೆ. ಕಚ್ಚಿದ ಜಾಗದ ಉರಿಯಷ್ಟೇ ಅಲ್ಲದೆ ಎರ್ಲಿಕಿಯೋಸಿಸ್, ಬೆಬೆಸಿಯೋಸಿಸ್‌ನಂಥ ರಕ್ತದ ಕಾಯಿಲೆಗಳನ್ನೂ ಹಬ್ಬಿಸುತ್ತದೆ. ಜ್ವರ ಬಂದು ಮೈಕೈ ನೋಯುತ್ತಿರುವ ನಾಯಿ ಯಾರ ಕೈಯನ್ನೂ ಸಹಿಸುವುದಿಲ್ಲ. ನಾಯಿಯ ಮೈಯ ಸಹಜ ತಾಪವೇ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಕೈಯಿಟ್ಟು ಬಿಸಿಯೆನಿಸಿತೆಂದು ಜ್ವರ ಹೇಳಲಾಗದು, ಥರ್ಮಾಮೀಟರ್ ಬೇಕು. ವಯಸ್ಸಾದ ನಾಯಿಯಲ್ಲಿ ಕೀಲುನೋವು ಇದ್ದರೆ ಒಂದು ತಾಸು ನಿಲ್ಲುವುದೇ ಶಿಕ್ಷೆಯಾಗುತ್ತದೆ.

ಇವುಗಳಲ್ಲಿ ಯಾವುದೊಂದು ಕಂಡರೂ ಪಶುವೈದ್ಯರಲ್ಲಿಗೆ ಹೋಗಿ, ವಾಸಿಯಾಗುವವರೆಗೆ ಗ್ರೂಮಿಂಗನ್ನು ಮುಂದಕ್ಕೆ ಹಾಕಿ. ಬೀದರಿನವರಿಗೆ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ಹತ್ತಿರದಲ್ಲಿ ಅಂಥ ಸಂಸ್ಥೆ ಇರುವವರು ಅದರ ಪ್ರಯೋಜನ ಪಡೆಯಬೇಕು. ಬೆಳ್ಳಿಯ ಕಾಲನ್ನು ನಮ್ಮ ಡಾಕ್ಟರು ಕೂದಲು ತೆಗೆದು ಶುಚಿಗೊಳಿಸಿ ಔಷಧಿ ಕೊಟ್ಟರು. ಹತ್ತು ದಿನದಲ್ಲಿ ಗಾಯ ಮಾಯ್ದಿತು, ಆದರೆ ಅಂಜಿಕೆ ಮಾಯಲಿಲ್ಲ. ನೋವಿನ ಕಾರಣ ಹೋದ ಮೇಲೂ ನೋವಿನ ನೆನಪು ಉಳಿಯುತ್ತದೆ. ಅದನ್ನು ಬೇರೆಯಾಗಿಯೇ ದುರಸ್ತಿ ಮಾಡಬೇಕಾಗುತ್ತದೆ.

ಅಂಜಿಕೆಯನ್ನು ಅಳೆಯುವುದು

ನಾಯಿ ಗುರುಗುಟ್ಟಿದಾಗ ಅಂಜಿಕೆ ಶುರುವಾಯಿತು ಎಂದುಕೊಂಡರೆ ನಾವು ಬಹಳ ತಡ ಮಾಡಿದ್ದೇವೆ ಎಂದೇ ಅರ್ಥ. ಅದಕ್ಕಿಂತ ಎಷ್ಟೋ ಮೊದಲು ಅದು ತುಟಿ ನೆಕ್ಕಿಕೊಂಡಿರುತ್ತದೆ, ನಿದ್ದೆಯಿಲ್ಲದೆ ಆಕಳಿಸಿರುತ್ತದೆ, ಕಿವಿ ಹಿಂದಕ್ಕೆ ಮಲಗಿಸಿರುತ್ತದೆ, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಗಣ್ಣಿನಿಂದ ನೋಡಿರುತ್ತದೆ. ಕೆಲವು ನಾಯಿಗಳು ಕಲ್ಲಿನಂತೆ ಅಲುಗಾಡದೆ ನಿಂತುಬಿಡುತ್ತವೆ. ‘ಎಷ್ಟು ಶಾಣ್ಯಾ ಅದ ನೋಡ್ರಿ’ ಎಂದು ಎಲ್ಲರೂ ಮೆಚ್ಚುವ ಆ ನಿಲುವಿನ ಬಗ್ಗೆಯೇ ಹೆಚ್ಚು ಎಚ್ಚರವಿರಬೇಕು. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಎಂದೂ ಗದರಿಸಬೇಡಿ. ಗುರುಗುಟ್ಟುವುದನ್ನು ಬಿಡಿಸಿದರೆ ಅಂಜಿಕೆ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ; ಮುಂದಿನ ಬಾರಿ ಅದು ಹೇಳದೆಯೇ ಕಚ್ಚುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಬಹುದಾದ ಅಳತೆಗೋಲು ತಿನಿಸು. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಮಾಂಸವನ್ನು, ಮಾಂಸ ತಿನ್ನದ ಮನೆಯವರಾದರೆ ಪನೀರನ್ನು, ಶೇಂಗಾ ಬೀಜದ ಗಾತ್ರಕ್ಕೆ ಕತ್ತರಿಸಿಟ್ಟುಕೊಳ್ಳಿ. ಮನೆಯಲ್ಲಿ ಅದಕ್ಕಾಗಿ ಜೀವ ಬಿಡುವ ನಾಯಿ, ಒಂದು ಸನ್ನಿವೇಶದಲ್ಲಿ ಮೂಸಿಯೂ ನೋಡದಿದ್ದರೆ ಅದರ ಸಹನೆ ಮೀರಿದೆ ಎಂದು ತಿಳಿಯಿರಿ. ಮೆಲ್ಲಗೆ ತೆಗೆದುಕೊಳ್ಳುತ್ತಿದ್ದ ನಾಯಿ ಬೆರಳು ಕಚ್ಚುವಂತೆ ಕಸಿದುಕೊಂಡರೆ ಸಹನೆ ಮೀರುವ ಅಂಚಿನಲ್ಲಿದೆ. ಮುಂದೆ ಹೇಳುವ ಎಲ್ಲ ಪರೀಕ್ಷೆಗಳಿಗೂ ಇದೇ ಮೀಟರು.

ಯಾವ ಹಂತದಲ್ಲಿ ತಿನ್ನುವುದು ನಿಲ್ಲಿಸುತ್ತದೆ

ಗ್ರೂಮಿಂಗ್ ಮಾಡಿಸುವ ಉದ್ದೇಶವಿಲ್ಲದ ದಿನ ನಾಯಿಯನ್ನು ಅಂಗಡಿಯವರೆಗೆ ಕರೆದುಕೊಂಡು ಹೋಗಿ, ಹಂತ ಹಂತಕ್ಕೂ ತಿನಿಸು ಕೊಟ್ಟು ನೋಡಿ. ಆಟೋ ಹತ್ತುವಾಗಲೇ ಬೇಡವೆಂದರೆ ದೋಷ ಪ್ರಯಾಣದಲ್ಲಿದೆ. ಯಾದಗಿರಿ, ಶಹಾಪುರ ಕಡೆಯಿಂದ ಕಲಬುರಗಿಗೆ ತರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ತಾಸುಗಟ್ಟಲೆ ವಾಹನದಲ್ಲಿ ಕುಲುಕಿ, ಜೊಲ್ಲು ಸುರಿಸಿ, ವಾಂತಿ ಮಾಡಿಕೊಂಡು ಬಂದ ನಾಯಿಯ ಸಹನೆ ಅಂಗಡಿ ಮುಟ್ಟುವ ಮೊದಲೇ ಖರ್ಚಾಗಿರುತ್ತದೆ. ಪ್ರಯಾಣದಲ್ಲಿ ವಾಂತಿಯಾಗುವ ನಾಯಿಗೆ ವೈದ್ಯರಲ್ಲಿ ಔಷಧಿಯಿದೆ. ತಲುಪಿದ ಮೇಲೆ ಅರ್ಧ ತಾಸಾದರೂ ನೆರಳಿನಲ್ಲಿ ಅಡ್ಡಾಡಿಸಿ, ನೀರು ಕುಡಿಸಿ ಒಳಗೆ ಹೋಗಬೇಕು.

ಬಾಗಿಲವರೆಗೆ ತಿಂದು ಒಳಗೆ ತಿನ್ನದಿದ್ದರೆ ಬೇರೆ ನಾಯಿಗಳ ಬೊಗಳುವಿಕೆ, ಅಪರಿಚಿತ ವಾಸನೆ ಅಥವಾ ಹಿಂದಿನ ನೆನಪು ಕಾರಣವಿರಬಹುದು. ದಿನದ ಮೊದಲ ಹೊತ್ತು ಕೇಳಿ ಪಡೆದರೆ ಅಂಗಡಿ ಖಾಲಿಯಿರುತ್ತದೆ. ಒಳಗೂ ತಿಂದು, ಮೇಜಿನ ಮೇಲೆ ಹತ್ತಿಸಿದೊಡನೆ ತಿನ್ನುವುದನ್ನು ಬಿಟ್ಟರೆ ಕಾಲ ಕೆಳಗನ್ನು ನೋಡಿ. ನುಣುಪಾದ ಮೇಲ್ಮೈಯಲ್ಲಿ ಉಗುರು ಜಾರುವಾಗ ನಾಯಿ ಮೈಯೆಲ್ಲ ಬಿಗಿಹಿಡಿಯುತ್ತದೆ. ನಮ್ಮ ಷಹಾಬಾದಿ ಕಲ್ಲಿನ ನೆಲದ ಮೇಲೆ ನೀರು ಬಿದ್ದಾಗ ನಾಯಿ ನಡೆಯುವ ಬಗೆ ನೋಡಿದವರಿಗೆ ಇದು ತಿಳಿದಿರುತ್ತದೆ. ರಬ್ಬರ್ ಮ್ಯಾಟ್ ಹಾಸಲು ಕೇಳಿ. ಅದಿಲ್ಲದಿದ್ದರೆ ಮನೆಯಿಂದ ಗೋಣಿಚೀಲ ಒಯ್ದರೂ ಸಾಕು. ಇಷ್ಟರಿಂದಲೇ ಸರಿಹೋದ ನಾಯಿಗಳಿವೆ. ಮೇಜಿನ ಕಂಬಕ್ಕೆ ಕಟ್ಟುವ ಕುತ್ತಿಗೆ ಬೆಲ್ಟು ಹಾಕಿದ ಮೇಲೆ ನಾಯಿಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಅದು ಹಾರಿದರೆ ನೇಣಾಗುತ್ತದೆ. ಈ ವಿಷಯದಲ್ಲಿ ಅಸಡ್ಡೆ ತೋರುವ ಅಂಗಡಿಗೆ ಎರಡನೆಯ ಬಾರಿ ಹೋಗಬೇಡಿ.

ಮಷಿನ್: ನಾಲ್ಕು ಬೇರೆ ಬೇರೆ ಶಂಕೆಗಳು

ನಾನು ದಾರಿ ತಪ್ಪಿದ್ದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ಮಷಿನ್‌ಗೆ ಅಂಜುತ್ತದೆ’ ಎಂಬ ಮಾತಿನಲ್ಲಿ ಸದ್ದು, ಅದುರು, ಶಾಖ, ಜಗ್ಗುವಿಕೆ ಎಂಬ ನಾಲ್ಕು ಶಂಕೆಗಳು ಕೂಡಿಕೊಂಡಿವೆ. ಪ್ರತಿಯೊಂದನ್ನೂ ಬೇರೆ ಮಾಡಿ ನೋಡಬೇಕು. ಮೊದಲು ಮಷಿನನ್ನು ಪಕ್ಕದ ಕೋಣೆಯಲ್ಲಿ ಚಾಲೂ ಮಾಡಿ ತಿನಿಸು ಕೊಡಿ. ಮನುಷ್ಯರಿಗೆ ಸುಮಾರು 20,000 ಹರ್ಟ್ಜ್‌ವರೆಗೆ ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೂ ಕೇಳಿಸುತ್ತದೆ. ಆದ್ದರಿಂದ ನಮಗೆ ಮೆತ್ತಗೆನಿಸುವ ಮಷಿನಿನಲ್ಲಿಯೂ ಅದಕ್ಕೆ ಕಿರಿಕಿರಿಯ ಕೀರಲು ಇರಬಹುದು. ಫೋನಿನ ಸ್ಪೀಕರ್ ಆ ಕೀರಲನ್ನು ಹೊರಡಿಸುವುದಿಲ್ಲವಾದ್ದರಿಂದ, ಈ ಪರೀಕ್ಷೆಗೆ ರೆಕಾರ್ಡಿಂಗ್‌ಗಿಂತ ನಿಜವಾದ ಮಷಿನೇ ಒಳ್ಳೆಯದು. ದೀಪಾವಳಿಯ ಪಟಾಕಿಗೂ, ಮಿಕ್ಸರ್‌ಗೂ, ಗುಡುಗಿಗೂ ಅಂಜುವ ನಾಯಿಯಾದರೆ ಸದ್ದೇ ಮೂಲವಿರುವ ಸಾಧ್ಯತೆ ಹೆಚ್ಚು.

ಸದ್ದಿಗೆ ತಕರಾರಿಲ್ಲದಿದ್ದರೆ, ಬಂದ್ ಇರುವ ಮಷಿನನ್ನು ಭುಜಕ್ಕೆ ಮುಟ್ಟಿಸಿ ನೋಡಿ. ಅದಕ್ಕೂ ಸುಮ್ಮನಿದ್ದರೆ ನಿಮ್ಮ ಅಂಗೈಯನ್ನು ನಾಯಿಯ ಭುಜದ ಮೇಲಿಟ್ಟು, ಚಾಲೂ ಇರುವ ಮಷಿನಿನ ಹಿಂಬದಿಯನ್ನು ನಿಮ್ಮ ಕೈಯ ಹಿಂಭಾಗಕ್ಕೆ ಒತ್ತಿ. ಆಗ ಅದುರು ಮಾತ್ರ ನಾಯಿಗೆ ತಲುಪುತ್ತದೆ. ಇದಿಷ್ಟೂ ದಾಟಿದ ನಾಯಿ ಕೂದಲು ಕತ್ತರಿಸುವಾಗ ಮಾತ್ರ ಹಾರಿದರೆ, ಮೊಂಡಾದ ಬ್ಲೇಡ್ ಕೂದಲನ್ನು ಕತ್ತರಿಸದೆ ಕೀಳುತ್ತಿದೆ, ಇಲ್ಲವೇ ಬ್ಲೇಡ್ ಬಿಸಿಯಾಗಿದೆ. ಐದು ಹತ್ತು ನಿಮಿಷ ಎಡೆಬಿಡದೆ ಓಡಿದ ಬ್ಲೇಡನ್ನು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿದರೆ ಉತ್ತರ ಸಿಗುತ್ತದೆ. ಈ ದೋಷಕ್ಕೆ ನಾಯಿಯ ತರಬೇತಿ ಬೇಕಿಲ್ಲ. ಎಣ್ಣೆ ಹಾಕಿದ ಹರಿತವಾದ ಬ್ಲೇಡ್ ಬೇಕು.

ಉಗುರು, ನೀರು, ಡ್ರೈಯರ್

ಉಗುರಿನೊಳಗೆ ರಕ್ತನಾಳವೂ ನರವೂ ಇವೆ. ಒಮ್ಮೆ ಅಲ್ಲಿ ಕತ್ತರಿ ತಗುಲಿ ರಕ್ತ ಬಂದ ನಾಯಿ ವರ್ಷಗಟ್ಟಲೆ ಮರೆಯುವುದಿಲ್ಲ. ಬಿಳಿ ಉಗುರಿನಲ್ಲಿ ಆ ಗುಲಾಬಿ ಭಾಗ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಉಗುರನ್ನು ಒಂದೆರಡು ಮಿಲಿಮೀಟರಿನಷ್ಟೇ ಕತ್ತರಿಸುತ್ತ, ಪ್ರತಿ ಬಾರಿಯೂ ಕತ್ತರಿಸಿದ ಮುಖವನ್ನು ನೋಡಿ, ನಡುವೆ ಗಾಢವಾದ ಚುಕ್ಕೆ ಕಂಡೊಡನೆ ನಿಲ್ಲಿಸಬೇಕು. ರಕ್ತ ಬಂದರೆ, ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿಯನ್ನೋ ಕಾರ್ನ್‌ಫ್ಲೋರನ್ನೋ ಹಚ್ಚಿ ಕೆಲವು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ದೋಷ ಕಟರ್‌ನಲ್ಲಿದೆಯೋ ಕಾಲು ಹಿಡಿಯುವುದರಲ್ಲಿದೆಯೋ ತಿಳಿಯಲು, ಕಟರ್ ಇಲ್ಲದೆ ಬರೀ ಪಾದವನ್ನು ಹಿಡಿದು ನೋಡಿ.

ನೀರಿನ ವಿಷಯದಲ್ಲಿ ನಮ್ಮ ಊರಿಗೇ ವಿಶೇಷವಾದ ತಪ್ಪೊಂದಿದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ಸುಡುವಂತಿರುತ್ತದೆ, ಪೈಪಿನಲ್ಲಿ ನಿಂತ ನೀರು ಇನ್ನೂ ಬಿಸಿ. ನಲ್ಲಿ ತಿರುವಿ ನೇರವಾಗಿ ಬೆನ್ನಿಗೆ ಬಿಟ್ಟರೆ ನಾಯಿ ಕಿರುಚದೆ ಇನ್ನೇನು ಮಾಡೀತು? ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿ, ಕಾಲಿನಿಂದ ಆರಂಭಿಸಿ, ಮುಖವನ್ನು ಒದ್ದೆ ಬಟ್ಟೆಯಿಂದ ಮಾತ್ರ ಒರೆಸಿ. ಮನುಷ್ಯರ ಶಾಂಪೂ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ತುರಿಕೆಯೆದ್ದ ನಾಯಿ ಮುಂದಿನ ಸ್ನಾನಕ್ಕೆ ಬರಲೊಪ್ಪುವುದಿಲ್ಲ.

ಡ್ರೈಯರ್‌ನಲ್ಲಿ ಸದ್ದು, ಗಾಳಿಯ ಹೊಡೆತ, ಶಾಖ ಮೂರೂ ಇವೆ. ಟವೆಲ್‌ನಿಂದ ಚೆನ್ನಾಗಿ ಹಿಂಡಿ ಒರೆಸಿದರೆ ಡ್ರೈಯರ್ ಹೊತ್ತು ಅರ್ಧ ಇಳಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಎಷ್ಟೋ ಬಾರಿ ಅದರ ಅಗತ್ಯವೇ ಇರುವುದಿಲ್ಲ. ಪಂಜರದೊಳಗೆ ನಾಯಿಯನ್ನು ಕೂಡಿಹಾಕಿ ಬಿಸಿಗಾಳಿ ಬಿಟ್ಟು ಹೋಗುವುದು ಜೀವಕ್ಕೆ ಅಪಾಯ. ನಾಯಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು, ಪಗ್ ಮತ್ತು ಶಿಟ್ಜುವಿನಂಥ ಚಪ್ಪಟೆ ಮೂತಿಯವಕ್ಕೆ ಅದೂ ಕಷ್ಟ. ಬಿಸಿಲು ಹೆಚ್ಚೆಂದು ಪೊಮೆರೇನಿಯನ್ ಅಥವಾ ಜರ್ಮನ್ ಶೆಫರ್ಡ್‌ಗೆ ಬೋಳು ಹೊಡೆಸುವವರೂ ಇದ್ದಾರೆ. ಅವುಗಳ ಎರಡು ಪದರದ ಕೂದಲು ಬಿಸಿಲಿನ ತಾಪವನ್ನೂ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೆಲವೊಮ್ಮೆ ಕೂದಲು ಮೊದಲಿನಂತೆ ಮರಳಿ ಬರುವುದೂ ಇಲ್ಲ. ಒಳಪದರದ ಉದುರು ಕೂದಲನ್ನು ಬಾಚಿ ತೆಗೆಸಿದರೆ ಸಾಕು.

ದುರಸ್ತಿಯ ಕ್ರಮ

ದೋಷ ಸಿಕ್ಕ ಮೇಲೆ ದುರಸ್ತಿಯ ತತ್ವ ಒಂದೇ: ಅಂಜಿಸುವ ವಸ್ತು ತೀರಾ ಸಣ್ಣ ಪ್ರಮಾಣದಲ್ಲಿ ಮೊದಲು ಬರಬೇಕು, ಅದರ ಬೆನ್ನಿಗೇ ತಿನಿಸು ಬರಬೇಕು. ಈ ಅನುಕ್ರಮ ತಿರುಗುಮುರುಗಾದರೆ ಕೆಲಸ ಕೆಡುತ್ತದೆ. ತಿನಿಸು ತೋರಿಸಿ ಮರುಳು ಮಾಡಿ ಕಾಲು ಹಿಡಿದರೆ, ತಿನಿಸು ಬಂದಾಗಲೆಲ್ಲ ಮುಂದೆ ಕಾಟವಿದೆ ಎಂದು ನಾಯಿ ಕಲಿಯುತ್ತದೆ. ಆಮೇಲೆ ಕೋಳಿಮಾಂಸ ಕಂಡರೂ ಮಂಚದ ಕೆಳಗೆ ಸೇರುತ್ತದೆ. ಬೆಳ್ಳಿಯ ಪಾದಕ್ಕೆ ನಾನು ಮಾಡಿದ್ದು ಹೀಗೆ: ಭುಜ ಮುಟ್ಟುವುದು, ಕೈ ತೆಗೆಯುವುದು, ಒಂದು ತುಂಡು ಕೊಡುವುದು. ಎಂಟು ಹತ್ತು ಬಾರಿ, ಎರಡು ಮೂರು ನಿಮಿಷ, ಅಷ್ಟಕ್ಕೇ ಆ ದಿನದ ಪಾಠ ಮುಗಿಯಿತು. ಭುಜ ಮುಟ್ಟಿದೊಡನೆ ಅದು ನನ್ನ ಇನ್ನೊಂದು ಕೈ ನೋಡತೊಡಗಿದ ದಿನ ಮೊಣಕಾಲಿಗೆ ಇಳಿದೆ. ಹಾಗೆಯೇ ಪಾದ, ಬೆರಳು, ಬೆರಳ ಸಂದಿ, ಬಂದ್ ಇರುವ ಮಷಿನ್, ಚಾಲೂ ಇರುವ ಮಷಿನ್. ಪಾದದವರೆಗೆ ಹೋಗಲು ಹನ್ನೆರಡು ದಿನ ಹಿಡಿಯಿತು, ಬೆರಳ ಸಂದಿಯೊಂದಕ್ಕೇ ಮತ್ತೆ ಹತ್ತು ದಿನ. ಯಾವ ದಿನವಾದರೂ ಕಾಲು ಎಳೆದುಕೊಂಡರೆ ಹಿಡಿದುಕೊಳ್ಳದೆ ಬಿಟ್ಟು, ಹಿಂದಿನ ಮೆಟ್ಟಿಲಿಗೆ ಇಳಿಯುತ್ತಿದ್ದೆ. ತಾನು ಬೇಡವೆಂದರೆ ಬಿಡುತ್ತಾರೆ ಎಂದು ಖಾತ್ರಿಯಾದ ಮೇಲೆ ನಾಯಿ ಬೇಡವೆನ್ನುವುದೇ ಕಡಿಮೆಯಾಗುತ್ತದೆ.

ಮರಿಯನ್ನು ಈಗಷ್ಟೇ ತಂದವರಿಗೆ ಈ ಕಷ್ಟವಿಲ್ಲ. ಮೂರರಿಂದ ಹದಿನಾಲ್ಕು ವಾರದೊಳಗಿನ ಮರಿ ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ದಿನಕ್ಕೊಂದು ನಿಮಿಷ ಕಿವಿ, ಬಾಯಿ, ಉಗುರು ಮುಟ್ಟಿ ತಿನಿಸು ಕೊಟ್ಟರೆ ಮುಂದಿನ ಹತ್ತು ವರ್ಷ ಹಗುರಾಗುತ್ತದೆ.

ಅಂಗಡಿಯವರಿಗೆ ಹೇಳಬೇಕಾದದ್ದು

ಪತ್ತೆ ಮಾಡಿದ್ದನ್ನು ಗ್ರೂಮಿಂಗ್ ಮಾಡುವವರಿಗೆ ಮೊದಲೇ ತಿಳಿಸಿ: ಯಾವ ಜಾಗ ಸೂಕ್ಷ್ಮ, ಯಾವುದನ್ನು ಕೊನೆಗೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು. “ತಮ್ಮಾ, ಇವತ್ತ ಎರಡ ಕಾಲಷ್ಟ ಮಾಡು, ರೊಕ್ಕ ಪೂರಾ ಕೊಡ್ತೀನಿ,” ಎಂದು ಹೇಳಿದರೆ ಅವರಿಗೂ ಅವಸರವಿರುವುದಿಲ್ಲ. ಅರ್ಧ ಕೆಲಸಕ್ಕೆ ಪೂರ್ತಿ ಹಣ ಕೊಡುವುದು ನಷ್ಟವೆಂದು ನನಗೆ ಎಂದೂ ಅನಿಸಿಲ್ಲ.

ಕಚ್ಚುವ ಭಯವಿದ್ದರೆ, ಎತ್ತಿಗೆ ಕಟ್ಟುವ ಬಾಯಿಕುಕ್ಕೆಯಂತೆ ಗಾಳಿಯಾಡುವ ಬುಟ್ಟಿಯಾಕಾರದ ಮಝಲ್ ಬಳಸಬೇಕು. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿಯಲ್ಲಿ ನಾಯಿ ಏದುಸಿರು ಬಿಡಲಾಗದು, ನಮ್ಮ ಸೆಕೆಯಲ್ಲಿ ಅದು ಅಪಾಯಕಾರಿ. ಮಝಲ್‌ನೊಳಗೆ ತಿನಿಸಿಟ್ಟು, ನಾಯಿ ತಾನಾಗಿ ಮೂತಿ ತೂರಿಸುವಂತೆ ಮನೆಯಲ್ಲಿಯೇ ರೂಢಿ ಮಾಡಿಸಿ. ರೇಬೀಸ್ ಲಸಿಕೆಯ ಕಾರ್ಡು ಜೊತೆಗಿರಲಿ. ಆದರೂ ಯಾರಿಗಾದರೂ ಹಲ್ಲು ತಗುಲಿದರೆ, ಲಸಿಕೆಯಾಗಿದೆಯೆಂದು ಸುಮ್ಮನಿರದೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಷ್ಟಾದರೂ ನಾಯಿ ತತ್ತರಿಸುತ್ತಿದ್ದರೆ, ಜಡೆಗಟ್ಟಿದ ಕೂದಲನ್ನು ತೆಗೆಯಲೇಬೇಕಾದ ತುರ್ತಿದ್ದರೆ, ಪಶುವೈದ್ಯರು ಅಂಜಿಕೆ ಇಳಿಸುವ ಮಾತ್ರೆ ಕೊಡಬಹುದು, ಇಲ್ಲವೇ ಮತ್ತು ಕೊಟ್ಟು ಕೂದಲು ತೆಗೆಸಬಹುದು. ಎಲ್ಲ ‘ಮತ್ತಿನ ಗುಳಿಗೆ’ಗಳೂ ಒಂದೇ ಅಲ್ಲ. ಏಸ್‌ಪ್ರೊಮಜಿನ್‌ನಂಥದ್ದನ್ನು ಒಂಟಿಯಾಗಿ ಕೊಟ್ಟರೆ ಮೈ ಮಂಕಾಗುತ್ತದೆಯೇ ಹೊರತು ಒಳಗಿನ ಭಯ ಹಾಗೆಯೇ ಉಳಿಯಬಹುದು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತರುವುದಾಗಲಿ, ಮನುಷ್ಯರ ಮಾತ್ರೆ ಮುರಿದು ಕೊಡುವುದಾಗಲಿ ಸಲ್ಲದು.

ಬೆಳ್ಳಿಯನ್ನು ಕಳೆದ ತಿಂಗಳು ಅದೇ ಅಂಗಡಿಗೆ, ಬೆಳಗಿನ ಮೊದಲ ಹೊತ್ತಿಗೆ, ಗೋಣಿಚೀಲದೊಂದಿಗೆ ಕರೆದುಕೊಂಡು ಹೋಗಿದ್ದೆ. ಮುಂಗಾಲು ಎರಡೂ, ಹಿಂಗಾಲು ಒಂದೂ ಮುಗಿಯುವವರೆಗೆ ತಿನ್ನುತ್ತಲೇ ಇತ್ತು. ನಾಲ್ಕನೆಯ ಕಾಲಿಗೆ ಮಷಿನ್ ಬಂದಾಗ ತುಣುಕನ್ನು ಮೂಸಿ ಬಿಟ್ಟಿತು. ಹುಡುಗ ನನ್ನ ಮುಖ ನೋಡಿ ಮಷಿನ್ ಬಂದ್ ಮಾಡಿದ. ಆ ಕಾಲಿನ ಕೂದಲು ಇನ್ನೂ ಉದ್ದವಿದೆ, ಬರುವ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.